ನೆಲದ ಬೆಲೆಯೂ ಮನಸ್ಸಿನ ಅಳತೆಗೋಲೂ

ಪ್ರಯೋಗಶಾಲೆಗೆ ಹೊಸದಾಗಿ ಬರುವ ವಿದ್ಯಾರ್ಥಿಗೆ ನಾವು ಹೇಳಿಕೊಡುವ ಮೊದಲನೆಯ ಪಾಠ ಇದು: ವಸ್ತುವನ್ನು ಅಳೆಯುವ ಮುನ್ನ ಅಳೆಯುವ ಉಪಕರಣವನ್ನು ಪರೀಕ್ಷಿಸಬೇಕು. ವರ್ನಿಯರ್ ಕ್ಯಾಲಿಪರ್ಸಿನ ಎರಡು ದವಡೆಗಳು ಒಂದಕ್ಕೊಂದು ತಾಗಿದಾಗ ಅದರ ಎರಡು ಮಾನಗಳ ಸೊನ್ನೆಗೆರೆಗಳೂ ಕೂಡಬೇಕು. ಕೂಡದಿದ್ದರೆ ಉಪಕರಣದಲ್ಲಿ ಶೂನ್ಯದೋಷವಿದೆಯೆಂದು ಅರ್ಥ. ಆ ದೋಷವನ್ನು ತಿಳಿದು ಕಳೆಯದೆ ಎಷ್ಟು ಶ್ರದ್ಧೆಯಿಂದ ಅಳೆದರೂ ಬರುವ ಉತ್ತರ ತಪ್ಪೇ. ಹತ್ತು ಸಾರಿ ಅಳೆದು ಸರಾಸರಿ ತೆಗೆದರೂ ಆ ತಪ್ಪು ಹೋಗುವುದಿಲ್ಲ. ಹತ್ತು ಸಾರಿಯೂ ಅದು ಒಂದೇ ಕಡೆಗೆ ವಾಲಿರುತ್ತದೆ.

ನೆಲವನ್ನು ಕೊಳ್ಳಲು ಹೊರಟವನ ಕೈಯಲ್ಲಿರುವ ಉಪಕರಣ ಯಾವುದು? ಗುಂಟೆಗಳನ್ನು ಅಳೆಯಲು ಮೋಜಣಿದಾರನ ಸರಪಳಿಯಿದೆ. ಮಣ್ಣನ್ನು ಪರೀಕ್ಷಿಸಲು ರಾಸಾಯನಿಕ ಕ್ರಮಗಳಿವೆ. ಆದರೆ ಬೆಲೆಯನ್ನು ಅಳೆಯುವುದು ಮನಸ್ಸು. ಮನಸ್ಸೆಂಬ ಈ ಉಪಕರಣಕ್ಕೂ ಶೂನ್ಯದೋಷಗಳಿವೆ. ಅವು ಯಾವ ಕಡೆಗೆ ವಾಲುತ್ತವೆ, ಎಷ್ಟು ವಾಲುತ್ತವೆ ಎಂಬುದನ್ನು ಕಳೆದ ಅರ್ಧ ಶತಮಾನದಲ್ಲಿ ಮನಶ್ಶಾಸ್ತ್ರಜ್ಞರು ಪ್ರಯೋಗಗಳಿಂದಲೇ ಕಂಡುಹಿಡಿದಿದ್ದಾರೆ. ಜೀವಮಾನದ ಉಳಿತಾಯವನ್ನೆಲ್ಲ ಒಂದೇ ತುಂಡು ನೆಲದಲ್ಲಿ ಹಾಕುವ ಸಂಸಾರಗಳು ನಮ್ಮಲ್ಲಿ ಅಸಂಖ್ಯಾತ. ಆದುದರಿಂದ ಈ ದೋಷಗಳನ್ನು ತಿಳಿಯುವುದು ಕೇವಲ ಕುತೂಹಲದ ವಿಷಯವಲ್ಲ.

ಈ ಅಭ್ಯಾಸಕ್ಕೆ ನಾವು ಕಾರವಾರ ಮತ್ತು ಅಂಕೋಲೆಗಳನ್ನು ಆರಿಸಿಕೊಂಡಿದ್ದೇವೆ. ಇನ್ನೇನು ಬಂದೀತು ಎಂಬ ನಿರೀಕ್ಷೆಯ ಮೇಲೆ ನೆಲಕ್ಕೆ ಬೆಲೆ ಕಟ್ಟುವ ಪ್ರಯೋಗ ಇಲ್ಲಿ ನೂರ ಅರವತ್ತು ವರ್ಷಗಳಿಂದ ನಡೆಯುತ್ತ ಬಂದಿದೆ.

ಎರಡು ಬೆಲೆಗಳು

ಮೊದಲು ಈ ನೆಲದ ಸ್ವರೂಪವನ್ನು ನೋಡೋಣ. ಉತ್ತರ ಕನ್ನಡ ಜಿಲ್ಲೆಯ ವಿಸ್ತೀರ್ಣ ಸುಮಾರು 10,291 ಚದರ ಕಿಲೋಮೀಟರು. ಇದರಲ್ಲಿ ಹೆಚ್ಚು ಕಡಿಮೆ ಐದರಲ್ಲಿ ನಾಲ್ಕು ಪಾಲು ಅರಣ್ಯ. ಕಾರವಾರ-ಅಂಕೋಲೆಗಳಲ್ಲಿ ಸಹ್ಯಾದ್ರಿಯ ಕವಲುಗಳು ಕಡಲಿನವರೆಗೂ ಚಾಚಿಕೊಂಡಿವೆ. ಉತ್ತರದಲ್ಲಿ ಕಾಳಿ ನದಿ, ದಕ್ಷಿಣದಲ್ಲಿ ಗಂಗಾವಳಿ. ನಡುವೆ ಗುಡ್ಡಕ್ಕೂ ಕಡಲಿಗೂ ಮಧ್ಯೆ ಸಿಕ್ಕ ಕಿರಿದಾದ ಸಮತಟ್ಟು ಪಟ್ಟಿ. ಗದ್ದೆ, ತೆಂಗಿನ ತೋಟ, ಮೀನುಗಾರರ ಕೇರಿ, ಹೆದ್ದಾರಿ, ರೈಲು ಹಳಿ, ಪೇಟೆ ಎಲ್ಲವೂ ಇದೇ ಪಟ್ಟಿಯಲ್ಲಿ ಇರಬೇಕು. ನೆಲ ವಿರಳವಾದಲ್ಲಿ ಬೆಲೆ ಏರುವುದು ಸಹಜವೆಂದು ಯಾರಿಗಾದರೂ ತೋರುತ್ತದೆ. ಅದು ನಿಜವೂ ಹೌದು. ಆದರೆ ಅಷ್ಟೇ ನಿಜವಲ್ಲ.

ಯಾವ ನೆಲಕ್ಕಾದರೂ ಎರಡು ಬೆಲೆಗಳಿರುತ್ತವೆ. ಅದು ಇಂದು ಕೊಡುವ ಫಲದಿಂದ ಹುಟ್ಟುವ ಬೆಲೆ ಒಂದು: ಭತ್ತ, ತೆಂಗು, ಹಾಲಕ್ಕಿ ಒಕ್ಕಲಿಗರು ಬೆಳೆದು ಪೇಟೆಗೆ ತರುವ ಕಾಯಿಪಲ್ಲೆ, 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಅಂಕೋಲೆಯ ಕರಿ ಇಷಾಡು ಮಾವು, ಅಥವಾ ಮನೆಯ ಬಾಡಿಗೆ. ಇದನ್ನು ದುಡಿಮೆಯ ಬೆಲೆ ಎನ್ನೋಣ. ನಾಳೆ ಅಲ್ಲಿ ಏನೋ ಒಂದು ಬರುತ್ತದೆಂಬ ನಂಬಿಕೆಯಿಂದ ಹುಟ್ಟುವ ಬೆಲೆ ಇನ್ನೊಂದು. ಇದನ್ನು ನಿರೀಕ್ಷೆಯ ಬೆಲೆ ಎನ್ನೋಣ. ಕೊಳ್ಳುವವನು ತೆರುವುದು ಇವೆರಡರ ಮೊತ್ತ. ಆದರೆ ಖರೀದಿ ಪತ್ರದಲ್ಲಿ ಒಂದೇ ಸಂಖ್ಯೆ ಬರೆದಿರುತ್ತದೆ. ಎರಡನ್ನು ಬೇರ್ಪಡಿಸಿ ನೋಡುವ ಅಭ್ಯಾಸವಿಲ್ಲದವನಿಗೆ ಆಸೆಯೂ ಆಸ್ತಿಯಂತೆಯೇ ಕಾಣುತ್ತದೆ. ನಮ್ಮ ಮುಂದಿನ ವಿಚಾರವೆಲ್ಲ ಈ ಭೇದವನ್ನು ಅವಲಂಬಿಸಿದೆ.

ಹತ್ತಿಯ ಕಾಲದ ಬಂದರು

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಪ್ರಾರಂಭವಾಯಿತು. ಅಲ್ಲಿನ ಹತ್ತಿಯಿಂದ ನಡೆಯುತ್ತಿದ್ದ ಮ್ಯಾಂಚೆಸ್ಟರಿನ ಗಿರಣಿಗಳು ಧಾರವಾಡದ ಹತ್ತಿಯ ಕಡೆಗೆ ಕಣ್ಣು ಹಾಯಿಸಿದವು. ಆ ಹತ್ತಿಯನ್ನು ಘಟ್ಟ ಇಳಿಸಿ ಹಡಗಿಗೆ ಏರಿಸಲು ಕಾಳಿ ನದಿಯ ಮುಖದಲ್ಲಿರುವ ಸದಾಶಿವಗಡ-ಕಾರವಾರದ ಕೊಲ್ಲಿ ಪ್ರಶಸ್ತವೆಂದು ತೋರಿತು. ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಆಧಿಪತ್ಯದಲ್ಲಿ, ಬಂದರು ಮದರಾಸು ಆಧಿಪತ್ಯದಲ್ಲಿ ಇದ್ದುದು ವರ್ತಕರಿಗೆ ತೊಡಕಾಗಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿಗೆ ಸೇರಿಸಲಾಯಿತು. ಕಾರವಾರವು ಜಿಲ್ಲೆಯ ಮುಖ್ಯಸ್ಥಳವಾಯಿತು. ಮ್ಯಾಂಚೆಸ್ಟರ್ ಕಾಟನ್ ಕಂಪನಿಯು ಹತ್ತಿ ವ್ಯಾಪಾರಕ್ಕೆಂದು ಇಲ್ಲಿಗೆ ಯಂತ್ರಗಳನ್ನು ಕಳುಹಿಸಿತು. ಯಂತ್ರಗಳು ಸಿದ್ಧ. ಘಟ್ಟದ ರಸ್ತೆ ಸಿದ್ಧವಿರಲಿಲ್ಲ. ಕೆಲವೇ ವರ್ಷಗಳಲ್ಲಿ ಕಂಪನಿ ಮುಚ್ಚಿತು. 1865ರಲ್ಲಿ ಯುದ್ಧ ಮುಗಿದು ಹತ್ತಿಯ ಬೆಲೆ ಕುಸಿಯಿತು.

ಅದೇ ವರ್ಷಗಳಲ್ಲಿ ಮುಂಬಯಿಯಲ್ಲಿ ನಡೆದುದು ಇನ್ನೂ ಬೋಧಪ್ರದವಾದುದು. ಹತ್ತಿಯ ಹಣ ನಗರಕ್ಕೆ ಹೊಳೆಯಾಗಿ ಹರಿಯಿತು. ಬ್ಯಾಕ್ ಬೇ ಎಂಬ ಕಡಲ ಭಾಗವನ್ನು ತುಂಬಿ ನೆಲ ಮಾಡಿ ಮಾರುವುದಾಗಿ ಒಂದು ಕಂಪನಿ ಹೊರಟಿತು. ಇನ್ನೂ ನೀರಾಗಿಯೇ ಇದ್ದ ಆ ನೆಲದ ಹೆಸರಿನಲ್ಲಿ 5,000 ರೂಪಾಯಿ ಮುಖಬೆಲೆಯ ಷೇರು ಸುಮಾರು 50,000ಕ್ಕೆ ಏರಿತು. 1865ರ ಜುಲೈ 1 ವಾಯಿದೆಯ ದಿನ. ಅಷ್ಟರೊಳಗೆ ಯುದ್ಧ ಮುಗಿದ ಸುದ್ದಿ ಬಂದಿತ್ತು. ಕೊಟ್ಟವರು ಕೇಳಿದರು, ಕೊಡಬೇಕಾದವರ ಬಳಿ ಹಣವಿರಲಿಲ್ಲ. ಷೇರಿನ ಬೆಲೆ ಮುಖಬೆಲೆಯ ಅರ್ಧಕ್ಕಿಂತ ಕೆಳಗೆ ಇಳಿಯಿತು. ಇಲ್ಲಿ ದುಡಿಮೆಯ ಬೆಲೆ ಸೊನ್ನೆ. ಇದ್ದುದೆಲ್ಲ ನಿರೀಕ್ಷೆಯ ಬೆಲೆ. ಆದುದರಿಂದ ನಿರೀಕ್ಷೆ ಬಿದ್ದಾಗ ತಡೆದು ನಿಲ್ಲಿಸಲು ಕೆಳಗೆ ಏನೂ ಇರಲಿಲ್ಲ.

ಕಾರವಾರ ಮಾತ್ರ ರೈಲನ್ನು ಕಾಯುತ್ತಲೇ ಇತ್ತು. ಹುಬ್ಬಳ್ಳಿಯಿಂದ ಘಟ್ಟ ಇಳಿದು ಬರುವ ರೈಲು ಬಂದರೆ ಬಂದರು ಏಳುತ್ತದೆಂಬ ಮಾತು ಅಂದಿನದು. ಆದರೆ 1880ರ ದಶಕದಲ್ಲಿ ಘಟ್ಟ ಇಳಿದ ರೈಲು ಪೋರ್ತುಗೀಜರ ಮುರಗಾಂವ್ ಬಂದರಿಗೆ ಹೋಯಿತು. ವ್ಯಾಪಾರವೂ ಅದರ ಹಿಂದೆಯೇ ಹೋಯಿತು. ಕಾರವಾರಕ್ಕೆ ರೈಲು ಬಂದುದು ಕೊಂಕಣ ರೈಲ್ವೆಯಿಂದ; ಆ ಮಾರ್ಗ ಪೂರ್ಣವಾಗಿ ತೆರೆದುದು 1998ರ ಜನವರಿಯಲ್ಲಿ. ಅದೂ ಘಟ್ಟದಿಂದ ಇಳಿದು ಬರಲಿಲ್ಲ. ಕಡಲಿನ ಗುಂಟ ಬಂದಿತು. ಹುಬ್ಬಳ್ಳಿ-ಅಂಕೋಲೆ ಮಾರ್ಗಕ್ಕೆ 1990ರ ದಶಕದ ಉತ್ತರಾರ್ಧದಲ್ಲಿ ಮಂಜೂರಾತಿ ದೊರೆಯಿತಾದರೂ, ಅರಣ್ಯದ ಪ್ರಶ್ನೆಗಳಲ್ಲಿ ಸಿಲುಕಿ ಘಟ್ಟದ ಭಾಗ ಇಂದಿಗೂ ಆಗಿಲ್ಲ.

ನಿರೀಕ್ಷೆ ಸುಳ್ಳಾಯಿತೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಕಾರವಾರಕ್ಕೆ ರೈಲು ಬಂದೇ ಬಂದಿತು. ಆದರೆ 'ಬರುತ್ತದೆ' ಎಂಬ ಕ್ರಿಯಾಪದದಲ್ಲಿ ಕಾಲ ಅಡಗಿದೆ. ಅದನ್ನು ಮನಸ್ಸು ಓದುವುದೇ ಇಲ್ಲ.

ಕಾಲವನ್ನು ಲೆಕ್ಕಕ್ಕೆ ಹಿಡಿಯುವ ಬಗೆ

ಈಗ ಒಂದು ಸುಲಭವಾದ ಲೆಕ್ಕ ಮಾಡೋಣ. ಮುಂಬಯಿಯಲ್ಲಿ ದುಡಿದು ಊರಿಗೆ ಮರಳಬೇಕೆಂದಿರುವ ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳಿ. ಅಂಕೋಲೆಯ ಬಳಿ ಒಂದು ನಿವೇಶನವನ್ನು ದಲ್ಲಾಳಿ ತೋರಿಸುತ್ತಾನೆ. 25 ಲಕ್ಷ ಕೇಳುತ್ತಾನೆ. ಹತ್ತಿರದಲ್ಲೇ ಒಂದು ದೊಡ್ಡ ಯೋಜನೆ ಬರುತ್ತದೆ, ಬಂದರೆ ಇದೇ ನೆಲ 60 ಲಕ್ಷಕ್ಕೆ ಹೋಗುತ್ತದೆ ಎನ್ನುತ್ತಾನೆ. ಯೋಜನೆ ಬಾರದಿದ್ದರೆ ಅದರ ಬೆಲೆ 15 ಲಕ್ಷ ಮಾತ್ರ ಎಂದಿಟ್ಟುಕೊಳ್ಳೋಣ. ಗೃಹಸ್ಥನ ಹಣ ಬೇರೆಡೆ ವರ್ಷಕ್ಕೆ ಶೇಕಡಾ 8ರಂತೆ ಬೆಳೆಯಬಲ್ಲದೆಂದೂ ಭಾವಿಸೋಣ.

ಚಕ್ರಬಡ್ಡಿಯಲ್ಲಿ ಹಣ ಇಮ್ಮಡಿಯಾಗುವ ಕಾಲವನ್ನು ತಿಳಿಯಲು ಒಂದು ಹಳೆಯ ಸೂತ್ರವಿದೆ: 72ನ್ನು ಬಡ್ಡಿಯ ದರದಿಂದ ಭಾಗಿಸಬೇಕು. ಶೇಕಡಾ 8ಕ್ಕೆ 9 ವರ್ಷ. ಎಂದರೆ ಇಂದಿನ 25 ಲಕ್ಷ 9 ವರ್ಷಗಳಲ್ಲಿ ತಾನಾಗಿಯೇ 50 ಲಕ್ಷವಾಗುತ್ತದೆ. ನಿವೇಶನ ಅದಕ್ಕೆ ಸರಿಸಮನಾಗಬೇಕಾದರೆ ಯೋಜನೆ ಬರುವ ಸಂಭವನೀಯತೆ ಎಷ್ಟಿರಬೇಕು? ಖಂಡಿತವಾದುದಕ್ಕೆ 1, ಅಸಾಧ್ಯವಾದುದಕ್ಕೆ 0 ಎಂಬ ಮಾನದಲ್ಲಿ ಆ ಸಂಭವನೀಯತೆಯನ್ನು 'ಸಂ' ಎಂದು ಕರೆದರೆ, ಕೈಗೆ ಬರಬಹುದಾದ ಸರಾಸರಿ ಮೊತ್ತ 15 + 45 × ಸಂ. ಇದು 50 ಆಗಬೇಕಾದರೆ ಸಂ ಸುಮಾರು 0.78 ಆಗಬೇಕು. ಹತ್ತಕ್ಕೆ ಎಂಟರಷ್ಟು ಭರವಸೆಯಿದ್ದವನು ಮಾತ್ರ ಆ ಬೆಲೆ ಕೊಡಬಹುದು.

ಭರವಸೆ ಮೂರರಲ್ಲಿ ಒಂದು ಪಾಲು ಇದ್ದರೆ? ಸರಾಸರಿ 30 ಲಕ್ಷ. 9 ವರ್ಷಕ್ಕೆ ಅರ್ಧ ಕಳೆದರೆ ಇಂದಿನ ಯೋಗ್ಯ ಬೆಲೆ 15 ಲಕ್ಷ. ಇನ್ನೊಂದು ಪ್ರಶ್ನೆ: ಯೋಜನೆ ಬರುವುದು ಸೂರ್ಯೋದಯದಷ್ಟೇ ಖಚಿತ, ಆದರೆ 9 ವರ್ಷಗಳ ಬದಲು 18 ವರ್ಷ ಹಿಡಿಯುತ್ತದೆ ಎಂದಾದರೆ? 60 ಲಕ್ಷವನ್ನು ಎರಡು ಸಾರಿ ಅರ್ಧ ಮಾಡಬೇಕು. ಉತ್ತರ ಮತ್ತೆ 15 ಲಕ್ಷವೇ. ವಾಚಕರು ಇದನ್ನು ಚೆನ್ನಾಗಿ ಗಮನಿಸಬೇಕು. ಮೂರರಲ್ಲಿ ಒಂದೇ ಪಾಲು ಖಚಿತವಾದ ಯೋಜನೆಯೂ, ಪೂರ್ತಿ ಖಚಿತವಾದರೂ ಒಂಬತ್ತು ವರ್ಷ ತಡವಾಗುವ ಯೋಜನೆಯೂ ಇಲ್ಲಿ ಒಂದೇ ಬೆಲೆಯವು. 'ಬರುತ್ತದೆಯೋ ಇಲ್ಲವೋ' ಎಂದು ನಾವು ರಾತ್ರಿಯೆಲ್ಲ ವಾದಿಸುತ್ತೇವೆ. 'ಯಾವಾಗ' ಎಂದು ಕೇಳುವುದನ್ನು ಮರೆಯುತ್ತೇವೆ.

ಹದಿನೆಂಟು ವರ್ಷವೆಂಬುದು ಅತಿಶಯೋಕ್ತಿಯೇ? ಸೀಬರ್ಡ್ ನೌಕಾನೆಲೆಯ ಶಂಕುಸ್ಥಾಪನೆ ನಡೆದುದು 1986ರ ಅಕ್ಟೋಬರಿನಲ್ಲಿ. ದೇಶರಕ್ಷಣೆಯ ಮಹತ್ತ್ವದ ಕಾರ್ಯವಾಗಿದ್ದರೂ ಅರಗಾದಲ್ಲಿ ಐ.ಎನ್.ಎಸ್. ಕದಂಬ ಸೇವೆಗೆ ಸಿದ್ಧವಾದುದು 2005ರ ಮೇ ತಿಂಗಳಲ್ಲಿ. ಸುಮಾರು 19 ವರ್ಷ.

ಇನ್ನೊಂದು ಮಾತು. ಸರಾಸರಿಯೆಂಬುದು ಅನೇಕ ಸಾರಿ ಆಡುವವನಿಗೆ ಅನ್ವಯಿಸುತ್ತದೆ. ವಿಮಾ ಕಂಪನಿಗೆ ಸಾವಿರಾರು ಪಾಲಿಸಿಗಳಿವೆ. ಒಂದರ ನಷ್ಟವನ್ನು ಇನ್ನೊಂದು ತುಂಬುತ್ತದೆ. ಸಂಸಾರಸ್ಥನು ನೆಲ ಕೊಳ್ಳುವುದು ಬಾಳಿನಲ್ಲಿ ಒಂದೋ ಎರಡೋ ಸಾರಿ. ಅವನಿಗೆ 60 ಬರುತ್ತದೆ, ಇಲ್ಲವೇ 15 ಬರುತ್ತದೆ. 30 ಎಂದೂ ಬರುವುದಿಲ್ಲ. ಆದುದರಿಂದ ಅವನು ಸರಾಸರಿಯ ಜೊತೆಗೆ ಕೆಟ್ಟ ಫಲವನ್ನೂ ಕೇಳಿಕೊಳ್ಳಬೇಕು: 15 ಮಾತ್ರ ಬಂದರೆ ಮನೆ ನಡೆದೀತೆ? ಸಾಲ ಮಾಡಿ ಕೊಂಡವನಿಗೆ ಈ ಪ್ರಶ್ನೆ ಇನ್ನೂ ತೀಕ್ಷ್ಣವಾದುದು. ಯೋಜನೆ ತಡವಾದರೂ ಬ್ಯಾಂಕಿನ ಕಂತು ತಡವಾಗುವುದಿಲ್ಲ.

ಮೊದಲು ಕಿವಿಗೆ ಬಿದ್ದ ಸಂಖ್ಯೆ

ಈಗ ಶೂನ್ಯದೋಷಗಳಿಗೆ ಬರೋಣ. 1987ರಲ್ಲಿ ನಾರ್ತ್‌ಕ್ರಾಫ್ಟ್ ಮತ್ತು ನೀಲ್ ಎಂಬಿಬ್ಬರು ಸಂಶೋಧಕರು ಅಮೆರಿಕದ ಟೂಸಾನ್ ನಗರದಲ್ಲಿ ಒಂದು ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ಮನೆ-ನೆಲಗಳ ವ್ಯಾಪಾರವೇ ವೃತ್ತಿಯಾಗಿದ್ದ ದಲ್ಲಾಳಿಗಳಿಗೆ ಒಂದೇ ಮನೆಯನ್ನು ತೋರಿಸಿ, ಸಕಲ ವಿವರಗಳನ್ನೂ ಕೊಟ್ಟು, ಯೋಗ್ಯ ಬೆಲೆಯನ್ನು ಹೇಳಿರೆಂದು ಕೇಳಲಾಯಿತು. ವಿವರಗಳಲ್ಲಿ ಒಂದು ಮಾತ್ರ ಬೇರೆ ಬೇರೆಯಾಗಿತ್ತು: ಮಾಲಿಕನು ಕೇಳುವ ಬೆಲೆ. ಕೆಲವರಿಗೆ ಅದು 65,900 ಡಾಲರೆಂದು, ಕೆಲವರಿಗೆ 83,900 ಡಾಲರೆಂದು ತಿಳಿಸಲಾಗಿತ್ತು. ಮೊದಲನೆಯವರು ಸರಾಸರಿ ಸುಮಾರು 68 ಸಾವಿರವೆಂದರು, ಎರಡನೆಯವರು ಸುಮಾರು 75 ಸಾವಿರವೆಂದರು. ಕೇಳಿದ ಬೆಲೆಯನ್ನು ಗಮನಿಸಿದಿರಾ ಎಂದರೆ ಬಹುಮಂದಿ ಅದನ್ನು ತಮ್ಮ ಮುಖ್ಯ ಆಧಾರಗಳಲ್ಲಿ ಹೇಳಲೇ ಇಲ್ಲ.

ನುರಿತವರ ಗತಿಯೇ ಹೀಗಿದ್ದರೆ, ಊರಿಗೆ ನಾಲ್ಕು ದಿನದ ರಜೆಯಲ್ಲಿ ಬಂದವನ ಗತಿಯೇನು? ದಲ್ಲಾಳಿ 'ಗುಂಟೆಗೆ ಇಷ್ಟು' ಎಂದ ತತ್‌ಕ್ಷಣ ನಮ್ಮ ಸೊನ್ನೆಗೆರೆ ಅಲ್ಲಿಗೆ ಸರಿಯುತ್ತದೆ. ಅನಂತರ ನಾವು ಮಾಡುವ ಚೌಕಾಶಿಯೆಲ್ಲ ಆ ಹೊಸ ಸೊನ್ನೆಯ ಸುತ್ತ ನಡೆಯುತ್ತದೆ. ಎರಡು ಲಕ್ಷ ಇಳಿಸಿದೆನೆಂಬ ತೃಪ್ತಿಯಲ್ಲಿ, ಹತ್ತು ಲಕ್ಷ ಹೆಚ್ಚು ಕೊಟ್ಟುದು ಕಾಣದೆ ಹೋಗುತ್ತದೆ. ಪರಿಹಾರ ಸರಳ. ಬೆಲೆಯನ್ನು ಕೇಳುವ ಮೊದಲೇ ನಮ್ಮ ಲೆಕ್ಕವನ್ನು ಕಾಗದದಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಬೇಕು. ದುಡಿಮೆಯ ಬೆಲೆ ಎಷ್ಟು, ನೆರೆಯಲ್ಲಿ ನಿಜವಾಗಿ ನೋಂದಣಿಯಾದ ವ್ಯವಹಾರಗಳು ಎಷ್ಟಕ್ಕೆ ಆದವು, ನಿರೀಕ್ಷೆಗೆ ಎಷ್ಟು ಕೊಡಲು ಸಿದ್ಧ ಎಂಬುದನ್ನು ಮೊದಲೇ ಬರೆದವನ ಸೊನ್ನೆ ಸುಲಭವಾಗಿ ಸರಿಯುವುದಿಲ್ಲ.

ಬಿಡಲಾರದ ಮನಸ್ಸು

ಎರಡನೆಯ ದೋಷ ಕೊಂಡ ಮೇಲೆ ಕಾಣಿಸಿಕೊಳ್ಳುತ್ತದೆ. ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್‌ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಒಂದು ಸಿದ್ಧಾಂತವನ್ನು ಮಂಡಿಸಿದರು. ನೂರು ರೂಪಾಯಿ ಬಂದ ಸಂತೋಷಕ್ಕಿಂತ ನೂರು ರೂಪಾಯಿ ಹೋದ ದುಃಖ ದೊಡ್ಡದು. ಅವರ ಮುಂದಿನ ಅಳತೆಗಳ ಪ್ರಕಾರ ಸುಮಾರು ಎರಡು ಪಟ್ಟು ದೊಡ್ಡದು. ಕಾನೆಮನ್ನರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಟ್ವರ್‌ಸ್ಕಿ ಅಷ್ಟರಲ್ಲಿ ತೀರಿಕೊಂಡಿದ್ದರು. 1990ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಅರ್ಧ ವಿದ್ಯಾರ್ಥಿಗಳಿಗೆ ಒಂದೊಂದು ಕಾಫಿ ಲೋಟವನ್ನು ಕೊಟ್ಟು ಮಾರಲು ಹೇಳಿದರು; ಉಳಿದವರಿಗೆ ಕೊಳ್ಳಲು ಹೇಳಿದರು. ಲೋಟ ಕೈಗೆ ಬಂದು ಕೆಲವು ನಿಮಿಷಗಳಾಗಿತ್ತಷ್ಟೆ. ಮಾರುವವರು ಕೇಳಿದ ಬೆಲೆ ಕೊಳ್ಳುವವರ ಬೆಲೆಯ ಸುಮಾರು ಎರಡು ಪಟ್ಟಾಯಿತು. ಕೆಲವು ನಿಮಿಷದ ಲೋಟಕ್ಕೆ ಇಷ್ಟು ಮಮತೆಯಾದರೆ ಹೆಸರು ಹಚ್ಚಿ ಬೇಲಿ ಕಟ್ಟಿದ ನೆಲಕ್ಕೆ ಎಷ್ಟು!

ನೆಲದ ವ್ಯವಹಾರದಲ್ಲಿಯೇ ಇದನ್ನು ಅಳೆದವರು ಜೆನಸೋವ್ ಮತ್ತು ಮೇಯರ್. 1990ರ ದಶಕದಲ್ಲಿ ಬಾಸ್ಟನ್ ನಗರದಲ್ಲಿ ವಸತಿಗಳ ಬೆಲೆ ಇಳಿದಿತ್ತು. ಕೊಂಡ ಬೆಲೆಗಿಂತ ಕಡಿಮೆಗೆ ಮಾರಬೇಕಾಗಿ ಬಂದವರು, ತಮ್ಮ ನಷ್ಟದ ಶೇಕಡಾ 25ರಿಂದ 35ರಷ್ಟನ್ನು ಕೇಳುವ ಬೆಲೆಯಲ್ಲಿ ಸೇರಿಸುತ್ತಿದ್ದರೆಂದೂ, ಅದರಿಂದ ಅವರ ಮನೆಗಳು ಹೆಚ್ಚು ಕಾಲ ಮಾರಾಟವಾಗದೆ ಉಳಿಯುತ್ತಿದ್ದವೆಂದೂ 2001ರಲ್ಲಿ ಅವರು ತೋರಿಸಿದರು. ಕೊಂಡವನು ಎಷ್ಟು ಕೊಟ್ಟಿದ್ದನೆಂಬುದು ಪೇಟೆಗೆ ಬೇಕಿಲ್ಲ. ಅದು ಬೇಕಾದುದು ಅವನೊಬ್ಬನಿಗೇ. ಯೋಜನೆ ಕೈಬಿಟ್ಟುಹೋದ ಮೇಲೂ 'ಹಾಕಿದ ಹಣವಾದರೂ ಬರಲಿ' ಎಂದು ಹತ್ತು ವರ್ಷ ಕಾಯುವವನು, ಆ ಹತ್ತು ವರ್ಷದ ಬಡ್ಡಿಯನ್ನು ಎರಡನೆಯ ಸಾರಿ ಕಳೆದುಕೊಳ್ಳುತ್ತಾನೆ. ಕೇಳಬೇಕಾದ ಪ್ರಶ್ನೆ ಒಂದೇ: ಈ ನೆಲ ನನ್ನದಾಗಿರದೆ, ಇಂದಿನ ಬೆಲೆಯ ಹಣ ಕೈಯಲ್ಲಿದ್ದರೆ, ನಾನು ಇದನ್ನೇ ಕೊಳ್ಳುತ್ತಿದ್ದೆನೆ?

'ನಾಲ್ಕು ಪಟ್ಟಾಯಿತು'

ಮೂರನೆಯ ದೋಷ ಯಶಸ್ಸಿನ ಕಥೆಗಳಿಂದ ಬರುವಂಥದು. 'ಹತ್ತು ಲಕ್ಷಕ್ಕೆ ಕೊಂಡೆ, ಇಪ್ಪತ್ತು ವರ್ಷದಲ್ಲಿ ನಲವತ್ತಾಯಿತು' ಎಂಬ ಮಾತು ಕೇಳಲು ಬಹು ಸೊಗಸು. ನಾಲ್ಕು ಪಟ್ಟೆಂದರೆ ಎರಡು ಸಾರಿ ಇಮ್ಮಡಿ. ಹತ್ತು ವರ್ಷಕ್ಕೊಮ್ಮೆ ಇಮ್ಮಡಿ. 72ನ್ನು 10ರಿಂದ ಭಾಗಿಸಿದರೆ ವರ್ಷಕ್ಕೆ ಶೇಕಡಾ 7.2. ಮುದ್ರಾಂಕ ಮತ್ತು ನೋಂದಣಿಗೆ ಶೇಕಡಾ 7ರಷ್ಟು ಖರ್ಚಾಯಿತೆಂದರೆ ಅದು 6.8ಕ್ಕೆ ಇಳಿಯುತ್ತದೆ. ಆ ಅವಧಿಯಲ್ಲಿ ಸಾಮಾನುಗಳ ಬೆಲೆ ವರ್ಷಕ್ಕೆ ಶೇಕಡಾ 6ರಂತೆ ಏರಿದ್ದರೆ, ಇಂದಿನ 40 ಲಕ್ಷ ಅಂದಿನ ಹನ್ನೆರಡೂವರೆ ಲಕ್ಷಕ್ಕೆ ಸಮ. ಇಪ್ಪತ್ತು ವರ್ಷ ಬೇಲಿ ಕಾಯ್ದುದಕ್ಕೆ ದೊರೆತ ನಿಜವಾದ ಲಾಭ, ಆ ಖರ್ಚನ್ನು ಕಳೆದರೆ, ಎರಡು ಲಕ್ಷಕ್ಕಿಂತ ಕಡಿಮೆ. ನಷ್ಟವೇನೂ ಆಗಲಿಲ್ಲ, ನಿಜ. ಆದರೆ ಪವಾಡವೂ ಆಗಲಿಲ್ಲ.

ಮತ್ತೊಂದು ಸಂಗತಿ: ಲಾಭ ಪಡೆದವನು ಹೇಳಿಕೊಳ್ಳುತ್ತಾನೆ, ಕಳೆದುಕೊಂಡವನು ಸುಮ್ಮನಿರುತ್ತಾನೆ. ಕಿವಿಗೆ ಬೀಳುವ ಕಥೆಗಳಿಂದ ಸರಾಸರಿ ತೆಗೆಯುವವನು, ದಡ ಸೇರಿದ ದೋಣಿಗಳನ್ನಷ್ಟೇ ಎಣಿಸಿ ಕಡಲು ಶಾಂತವಾಗಿದೆಯೆನ್ನುವವನಂತೆ.

ಮಾರುವವನ ಪಾಲು

ಇದುವರೆಗೆ ಕೊಳ್ಳುವವನ ಮನಸ್ಸನ್ನು ನೋಡಿದೆವು. ನೆಲದ ಇನ್ನೊಂದು ಬದಿಯಲ್ಲಿ ಅದರಿಂದಲೇ ಉಣ್ಣುವವನು ಇದ್ದಾನೆ. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಬಾರದೆಂಬ ನಿರ್ಬಂಧಗಳನ್ನು ಕರ್ನಾಟಕದಲ್ಲಿ 2020ರ ತಿದ್ದುಪಡಿ ತೆಗೆದುಹಾಕಿತು. ಅಂದಿನಿಂದ ದೂರದ ನಗರದ ಹಣಕ್ಕೆ ಅಂಕೋಲೆಯ ಗದ್ದೆಯ ಬಾಗಿಲೂ ತೆರೆದಿದೆ. ಒಮ್ಮೆಗೇ ಬರುವ ದೊಡ್ಡ ಮೊತ್ತ ಕಣ್ಣು ತುಂಬುತ್ತದೆ. ವರ್ಷವರ್ಷವೂ ಬರುತ್ತಿದ್ದ ಅಕ್ಕಿ, ಕಾಯಿಪಲ್ಲೆ, ಮಾವು, ಮನೆಮಂದಿಯೆಲ್ಲರಿಗೂ ಇದ್ದ ಕೆಲಸ ಲೆಕ್ಕಕ್ಕೆ ಬರುವುದಿಲ್ಲ. ಮಾರುವವನೂ ದುಡಿಮೆಯ ಬೆಲೆಯನ್ನು ಬರೆದು ನೋಡಬೇಕು. ಬಂದ ಹಣದ ಬಡ್ಡಿಯಿಂದ ಅಷ್ಟೇ ಊಟ, ಅಷ್ಟೇ ಕೆಲಸ ದೊರೆಯುವುದೆ ಎಂದು ಕೇಳಿಕೊಳ್ಳಬೇಕು.

ನೆಲವನ್ನು ಬೆಲೆಯೊಂದರಿಂದಲೇ ಅಳೆಯದ ಮನೋಭಾವವೂ ಈ ಮಣ್ಣಿನದೇ. 1930ರ ದಶಕದ ಮೊದಲ ವರ್ಷಗಳಲ್ಲಿ ಅಂಕೋಲೆ ಮತ್ತು ಸಿದ್ದಾಪುರದ ರೈತರು ಕರನಿರಾಕರಣೆಯ ಚಳವಳಿಯನ್ನು ನಡೆಸಿದರು. ಸರಕಾರ ಅವರ ಜಮೀನುಗಳನ್ನು ಜಪ್ತಿ ಮಾಡಿ ಹರಾಜಿಗಿಟ್ಟಿತು. ನೆಲ ಅಗ್ಗವಾಗಿ ಸಿಗುತ್ತಿದ್ದಾಗ ಅದನ್ನು ಕೊಂಡವರನ್ನು ಊರು ಮೆಚ್ಚಲಿಲ್ಲ. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಜಮೀನುಗಳನ್ನು ಹಿಂದಿರುಗಿಸುವ ಕ್ರಮ ನಡೆಯಿತು. ಅಗ್ಗವೆಂಬುದೊಂದೇ ಕೊಳ್ಳಲು ಸಾಕಷ್ಟು ಕಾರಣವಲ್ಲವೆಂದು ಆ ರೈತರು ತಿಳಿದಿದ್ದರು.

ದೊಡ್ಡ ಯೋಜನೆಯ ನೆರಳಿನಲ್ಲಿ ನೆಲ ಕೊಳ್ಳುವವನು ಮರೆಯಬಾರದ ಇನ್ನೊಂದು ಅಂಶವಿದೆ. ಯೋಜನೆ ತನ್ನ ಪಕ್ಕದಲ್ಲಿ ಬರುತ್ತದೆಂದು ಅವನ ಎಣಿಕೆ. ಅದು ತನ್ನ ನೆಲದ ಮೇಲೆಯೇ ಬರಬಹುದು. ಸ್ವಾಧೀನವಾದ ಮೇಲೆ ಬರಲಿರುವ ಉಪಯೋಗದಿಂದ ಹೆಚ್ಚುವ ಬೆಲೆಯನ್ನು ಪರಿಹಾರದಲ್ಲಿ ಲೆಕ್ಕಿಸಬಾರದೆಂಬುದು 1894ರ ಭೂಸ್ವಾಧೀನ ಕಾಯಿದೆಯ ನಿಯಮವಾಗಿತ್ತು. 2014ರಿಂದ ಜಾರಿಯಲ್ಲಿರುವ ಹೊಸ ಕಾಯಿದೆ ಹೆಚ್ಚು ಉದಾರವಾದುದಾದರೂ, ಅದರ ತಳಹದಿಯೂ ಹಿಂದಿನ ಮೂರು ವರ್ಷಗಳಲ್ಲಿ ನೋಂದಣಿಯಾದ ಪತ್ರಗಳ ಬೆಲೆ. ಸೀಬರ್ಡಿಗಾಗಿ ಕಾರವಾರ ಮತ್ತು ಅಂಕೋಲೆ ತಾಲ್ಲೂಕುಗಳ ಸಾವಿರಾರು ಕುಟುಂಬಗಳು ನೆಲ ಬಿಟ್ಟವು. ಪರಿಹಾರದ ವ್ಯಾಜ್ಯಗಳು ನ್ಯಾಯಾಲಯಗಳಲ್ಲಿ ದಶಕಗಳ ಕಾಲ ನಡೆದವು. ಹೊಸ ವಿಮಾನ ನಿಲ್ದಾಣದ ಮಾತು ಬಂದಾಗ ಅಲಗೇರಿಯ ಸುತ್ತಿನ ಜನ ಅದನ್ನು ಲಾಭದ ಸುದ್ದಿಯೆಂದು ಮಾತ್ರ ಕೇಳಲಾರದೆ ಹೋದುದು ಸಹಜವೇ.

ನೆಲ ತಾನೇ ಹೇಳುವುದು

ಕೊನೆಯದಾಗಿ ಕಾನೂನು ಮತ್ತು ನಿಸರ್ಗ. ಕಡಲ ತೀರದಲ್ಲಿ ಭರತದ ಗೆರೆಯಿಂದ 500 ಮೀಟರಿನವರೆಗೆ ತೀರ ನಿಯಂತ್ರಣ ವಲಯ. 2019ರ ಅಧಿಸೂಚನೆಯಂತೆ, ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನಸಾಂದ್ರತೆಯಿರುವ ಗ್ರಾಮಪ್ರದೇಶಗಳಲ್ಲಿ ಮೊದಲ 50 ಮೀಟರು, ಉಳಿದ ಗ್ರಾಮಪ್ರದೇಶಗಳಲ್ಲಿ ಮೊದಲ 200 ಮೀಟರು ಅಭಿವೃದ್ಧಿ ನಿಷಿದ್ಧ ವಲಯ. ಭರತ ಏರುವ ನದಿ-ಹಳ್ಳಗಳ ದಡಕ್ಕೂ ಇಂಥ ನಿಯಮಗಳಿವೆ. ಮನೆ ಕಟ್ಟಲಾಗದ ನೆಲಕ್ಕೆ ಮನೆ ನಿವೇಶನದ ಬೆಲೆ ಕೊಡುವುದು ಆಸೆಯ ಕೊನೆಯ ಮೆಟ್ಟಿಲು. ಪಹಣಿ, ಋಣಭಾರ ಪತ್ರ, ಬಿನ್‌ಶೇತ್ಕಿ ಆದೇಶ, ಅರಣ್ಯದ ಗಡಿ ಇವು ನೋಡಬೇಕಾದ ಕಾಗದಗಳು. ಆದರೆ ಎಲ್ಲವೂ ಕಾಗದದಲ್ಲಿಲ್ಲ.

ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರು ಮಳೆ ಬೀಳುತ್ತದೆ. ಅದರ ಬಹುಭಾಗ ನಾಲ್ಕೇ ತಿಂಗಳುಗಳಲ್ಲಿ. ನೀರು ಕುಡಿದ ಗುಡ್ಡದ ಬುಡವನ್ನು ಕಡಿದರೆ ಮೇಲಿನ ಮಣ್ಣಿಗೆ ಆಧಾರ ತಪ್ಪುತ್ತದೆ. 2009ರ ಅಕ್ಟೋಬರ್ 2ರಂದು ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿದು ಹಲವರು ಸತ್ತರು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜಾರಿ ಗಂಗಾವಳಿಗೆ ಬಿದ್ದಿತು. ಚಿಮ್ಮಿದ ನೀರಿನ ಅಲೆ ಆಚೆ ದಡದ ಉಳುವರೆಯ ಮನೆಗಳಿಗೂ ನುಗ್ಗಿತು. ಗುಡ್ಡದಿಂದ ದೂರವಿದ್ದೇವೆಂದುಕೊಂಡವರಿಗೂ ಅಪಾಯ ನದಿ ದಾಟಿ ಬಂದಿತು. ಬೇಸಗೆಯ ರಜೆಯಲ್ಲಿ ಒಣಗಿದ ನೆಲವನ್ನು ನೋಡಿ ಕೊಳ್ಳುವವನು ಅದನ್ನು ಅರ್ಧ ಮಾತ್ರ ನೋಡಿದಂತಾಯಿತು. ಆಷಾಢದ ಮಳೆಯಲ್ಲಿ ಒಮ್ಮೆ ಹೋಗಿ ನೀರು ಎಲ್ಲಿ ನಿಲ್ಲುತ್ತದೆ, ಎತ್ತ ಹರಿಯುತ್ತದೆ ಎಂದು ನೆರೆಹೊರೆಯ ಹಿರಿಯರನ್ನು ಕೇಳಿ ಬರಬೇಕು.

ವಾಚಕರಿಗೆ ಒಂದು ಅಭ್ಯಾಸ

ಇಷ್ಟನ್ನು ಓದಿದ ವಾಚಕರು ಪೆನ್ಸಿಲು ಹಿಡಿದು ಈ ಲೆಕ್ಕ ಮಾಡಬಹುದು. ಒಂದು ನಿವೇಶನಕ್ಕೆ 18 ಲಕ್ಷ ಕೇಳುತ್ತಾರೆ. ಯೋಜನೆ ಬಂದರೆ ಅದರ ಬೆಲೆ 50 ಲಕ್ಷ, ಬಾರದಿದ್ದರೆ 20 ಲಕ್ಷ. ಹಣ ಬೇರೆಡೆ ವರ್ಷಕ್ಕೆ ಶೇಕಡಾ 6ರಂತೆ, ಎಂದರೆ 12 ವರ್ಷಕ್ಕೆ ಇಮ್ಮಡಿಯಾಗಿ ಬೆಳೆಯುತ್ತದೆ. ಯೋಜನೆಯ ನಿರ್ಣಯ 12 ವರ್ಷದಲ್ಲಿ ಆಗುವುದಾದರೆ ಎಷ್ಟು ಸಂಭವನೀಯತೆ ಬೇಕು? 24 ವರ್ಷ ಹಿಡಿಯುವುದಾದರೆ ಎಷ್ಟು?

ಮೊದಲನೆಯದಕ್ಕೆ 20 + 30 × ಸಂ = 36; ಸಂ ಸುಮಾರು 0.53. ಅರ್ಧಕ್ಕಿಂತ ತುಸು ಹೆಚ್ಚು ಭರವಸೆಯಿರುವವನು ಕೊಳ್ಳಬಹುದು. ಎರಡನೆಯದಕ್ಕೆ 20 + 30 × ಸಂ = 72; ಸಂ ಸುಮಾರು 1.73. ಸಂಭವನೀಯತೆ ಒಂದನ್ನು ಮೀರಲಾರದು. ಎಂದರೆ ಯೋಜನೆ ಬರುವುದು ಸಂಪೂರ್ಣ ನಿಶ್ಚಯವಾಗಿದ್ದರೂ ಆ ನೆಲ ಆ ಬೆಲೆಗೆ ಸಲ್ಲದು.